ಕೌದಿಯ ಮೊದಲ ಸುತ್ತು

ಸೃಷ್ಟಿ, ಸುಹಾಸ, ನಿಮ್ಮಿಬ್ಬರಿಗೂ ಅಜ್ಜಿಯ ಆಶೀರ್ವಾದ. ಇದನ್ನು ನೀವು ಈಗ ಓದಲಾರಿರಿ ಎಂಬುದು ನನಗೆ ಗೊತ್ತು. ಸೃಷ್ಟಿಗೆ ಅವಳ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿದೆ. ಅದರಲ್ಲಿರುವ ಒತ್ತು, ಸುಳಿಗಳನ್ನೆಲ್ಲ ಕಂಡು ಅವಳು ತನ್ನ ಅಮ್ಮನನ್ನು, "ನಂಗೆ ಈಜಿ ನೇಮ್ ಯಾಕೆ ಇಡಲಿಲ್ಲ?" ಎಂದು ತರಾಟೆಗೆ ತೆಗೆದುಕೊಂಡಳು. ಸುಹಾಸ ಇನ್ನೂ ಪೆನ್ಸಿಲನ್ನು ಬಾಯಲ್ಲಿಟ್ಟುಕೊಳ್ಳುವ ವಯಸ್ಸಿನವನು. ಇರಲಿ, ಎಂದಾದರೂ ಓದುವಿರಿ, ಇಲ್ಲವೇ ಯಾರಿಂದಲಾದರೂ ಓದಿಸಿ ಕೇಳುವಿರಿ. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಎದುರಿಗೆ ನಿಂತು ಮಾತನಾಡು ಎಂದರೆ ನಾಲಗೆ ಒಣಗುತ್ತದೆ. ಬರೆಯುವುದಕ್ಕೆ ಮಾತ್ರ ಅಷ್ಟು ನಾಚಿಕೆಯಿಲ್ಲ, ಹಾಳೆ ತಿರುಗಿ ನನ್ನ ಮುಖ ನೋಡುವುದಿಲ್ಲ.

ಬರುವ ವಾರ ನಾನು ಊರಿಗೆ ಹೊರಡಬೇಕು. ವೀಸಾವನ್ನು ಒಮ್ಮೆ ಮುಂದಕ್ಕೆ ಹಾಕಿಸಿ ಆಗಿದೆ, ಇನ್ನು ಆಗುವುದಿಲ್ಲವಂತೆ. ಚಳಿಗೆಂದು ನಿಮ್ಮ ಅಮ್ಮ ಕೊಟ್ಟಿದ್ದ ನೀಲಿ ಕೋಟನ್ನು ಮಡಚಿಡೋಣವೆಂದು ಜೇಬು ಖಾಲಿ ಮಾಡುತ್ತಿದ್ದೆ. ಮುದುಡಿದ ಟಿಶ್ಯೂ ಬಂತು, ಒಂದೆರಡು ಲವಂಗ ಬಂದವು, ಮುಗಿದುಹೋದ ಫೋನ್ ಕಾರ್ಡ್ ಬಂತು. ತಳದಲ್ಲಿ ಒಂದು ಬೆರಳಿನ ಟೊಪ್ಪಿಗೆ. ಹೊಲಿಯುವಾಗ ಸೂಜಿಯ ಹಿಂಬದಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿಕೊಳ್ಳುತ್ತಾರಲ್ಲ, ಮೈತುಂಬ ಸಿಡುಬಿನ ಕಲೆಯಂಥ ಗುಳಿಗಳಿರುವುದು, ಅದು. ಕೋಟು ಮಡಚುವುದನ್ನು ಬಿಟ್ಟು ಮಂಚದ ಮೇಲೆ ಕೂತುಬಿಟ್ಟೆ. ಅದು ಕುಂಬಳಕಾಯಿ ಜಾತ್ರೆಯಲ್ಲಿ ಸಿಕ್ಕಿದ್ದು.

ಕುಂಬಳಕಾಯಿ ಜಾತ್ರೆ ಎಂಬುದು ನಾನಿಟ್ಟ ಹೆಸರು. ನಿಮ್ಮ ಅಮ್ಮ ಅದನ್ನು ಫಾಲ್ ಫೇರ್ ಎನ್ನುತ್ತಾಳೆ. ಸುಗ್ಗಿ ಮುಗಿದ ಮೇಲೆ ಇಲ್ಲಿ ನ್ಯೂಜೆರ್ಸಿಯ ರೈತರು ಒಂದು ಬಯಲಿನಲ್ಲಿ ಸೇರಿ ತಾವು ಬೆಳೆದದ್ದನ್ನು, ಸಾಕಿದ್ದನ್ನು ತೋರಿಸಿಕೊಳ್ಳುವ ಸಂಭ್ರಮ. ಅದಕ್ಕೆ ಹೋಗುವ ಮೊದಲೇ ಮನೆಯಲ್ಲಿ ಕುಂಬಳಕಾಯಿಯ ಒಂದು ಪ್ರಕರಣ ನಡೆದಿತ್ತು. ಬಾಗಿಲ ಹೊರಗೆ ಒಳ್ಳೆಯ ಬಣ್ಣದ ಕಾಯಿಯೊಂದು ಬಿಸಿಲಿಗೆ ಕೂತಿರುವುದನ್ನು ದಿನವೂ ನೋಡುತ್ತಿದ್ದೆ. ಕೆಟ್ಟುಹೋದೀತಲ್ಲ ಎಂಬ ಸಂಕಟ. ನಮ್ಮ ಕಡೆ ಇಡೀ ಕುಂಬಳಕಾಯಿಯನ್ನು ಹೆಂಗಸರು ಮೊದಲು ಹೆಚ್ಚುವುದಿಲ್ಲ, ಗಂಡಸರೇ ಮೊದಲ ಪೆಟ್ಟು ಹಾಕಬೇಕು. ಆ ಹೊತ್ತಿಗೆ ಮನೆಯಲ್ಲಿದ್ದ ಗಂಡಸು ಸುಹಾಸ ಒಬ್ಬನೇ. ಅವನ ಕೈಯನ್ನು ಚಾಕುವಿನ ಹಿಡಿಗೆ ಮುಟ್ಟಿಸಿ ಶಾಸ್ತ್ರ ಮುಗಿಸಿದೆ. ಅವನೂ ಕೇಕೆ ಹಾಕಿದ. ಸಂಜೆ ಆ ಕಾಯಿ ಗಾರಿಗೆಯಾಗಿ ತಟ್ಟೆಗೆ ಬಂದಾಗ, ಅದು ಹ್ಯಾಲೋವೀನಿಗೆಂದು ತಾನೇ ಆರಿಸಿ ತಂದಿದ್ದ ಕಾಯಿ ಎಂದು ತಿಳಿದು ಅವನು ಅತ್ತ ಅಳುವಿಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ನಿಮ್ಮ ಅಪ್ಪ ಮಾತ್ರ ಸದ್ದಿಲ್ಲದೆ ಗಾರಿಗೆಗಳನ್ನೆಲ್ಲ ಮುಗಿಸಿ, "ಅತ್ತಿ, ಇನ್ನೊಂದ ಕುಂಬಳಕಾಯಿ ತರಲೇನ್ರಿ?" ಎಂದು ಕೇಳಿದರು. ಹೊಸ ಕಾಯಿ ತರುವ ನೆಪದಲ್ಲೇ ನಾವು ಆ ಶನಿವಾರ ಜಾತ್ರೆಗೆ ಹೊರಟದ್ದು.

ಅದಕ್ಕಿಂತ ಮೊದಲು ಗಂಟಿನ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಜಾತ್ರೆಯಲ್ಲಿ ನಾನು ಮಾಡಿದ್ದು ನಿಮಗೆ ಹುಚ್ಚಾಟವಾಗಿ ಕಾಣುತ್ತದೆ.

ಊರಿನಿಂದ ಬರುವಾಗ ನನ್ನ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಕಟಕ ರೊಟ್ಟಿಗಳ ಕೆಳಗೆ ಒಂದು ಬಟ್ಟೆಯ ಗಂಟಿತ್ತು. ಅದರಲ್ಲಿ ನಿಮ್ಮ ಅಜ್ಜನ ಧೋತರಗಳು, ಖಾಕಿ ಅಂಗಿಗಳು. ಅಜ್ಜ ಸೈಕಲ್ ತುಳಿದು ಸುತ್ತಲಿನ ಹಳ್ಳಿಗಳಿಗೆಲ್ಲ ಟಪಾಲು ಹಂಚುತ್ತಿದ್ದರು. ಖಾಕಿ ಬಟ್ಟೆ ಬೇಗ ಹರಿಯುವುದಿಲ್ಲ, ಅಂಗಿಗಳು ಅವರಿಗಿಂತ ಹೆಚ್ಚು ಬಾಳಿದವು. ಅವುಗಳಿಂದ ನಿಮ್ಮಿಬ್ಬರಿಗೆ ಒಂದು ಕೌದಿ ಹೊಲಿದುಕೊಟ್ಟು ಹೋಗಬೇಕು ಎಂಬುದೊಂದೇ ನಾನು ಇಷ್ಟು ದೂರ ಕಟ್ಟಿಕೊಂಡು ಬಂದ ಆಸೆ. ಕೌದಿ ಎಂದರೆ ಹಳೆಯ ಸೀರೆಯನ್ನು ಅಡಿಗೆ ಹಾಸಿ, ಅದರ ಮೇಲೆ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ಸಾಲುಸಾಲಾಗಿ ಹೊಲಿಗೆ ಹಾಕಿ ಮಾಡುವ ಹೊದಿಕೆ. ನಿಮ್ಮ ಅಮ್ಮ ಗಂಟನ್ನು ನೋಡಿ, "ಏನವ್ವಾ ಇದು, ನೆಲಾ ಒರಸಾಕ ಇಲ್ಲೆ ಪೇಪರ್ ಸಿಗ್ತಾವ" ಎಂದಿದ್ದಳು. ಅವಳಿಗೆ ಬಟ್ಟೆಯ ಗುರುತು ಹತ್ತಿರಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ.

ಬಂದು ಬೇಸಿಗೆ ಕಳೆದರೂ ಗಂಟು ಬಿಚ್ಚಿರಲಿಲ್ಲ. ಅದಕ್ಕೆ ಕಾರಣ ಸೋಮಾರಿತನವಲ್ಲ. ನಮ್ಮ ಓಣಿಯಲ್ಲಿ ಕೌದಿಯ ಮೊದಲ ಸುತ್ತನ್ನು ಯಾರೂ ಒಬ್ಬರೇ ಕೂತು ಹಾಕುವುದಿಲ್ಲ. ಒಂಟಿ ಕೈಯಲ್ಲಿ ಶುರುವಾದ ಕೌದಿ ಹೊದ್ದವರಿಗೆ ಬೆಚ್ಚಗಾಗುವುದಿಲ್ಲ ಎಂದು ನನ್ನ ಅತ್ತೆ ನಂಬಿದ್ದರು, ಅವರ ಅತ್ತೆಯೂ ನಂಬಿದ್ದರು. ಗುಡಿಯ ಹಿಂದಿನ ಹಾಸುಗಲ್ಲಿನ ಮೇಲೆ ಸೀರೆ ಹಾಸಿ ನಾಲ್ಕು ಮಗ್ಗುಲಿಗೆ ನಾಲ್ವರು ಕೂಡುತ್ತಿದ್ದೆವು. ಒಂದು ಕಡೆ ನಾನು. ಎದುರಿಗೆ ಗೌರಕ್ಕ, ವಯಸ್ಸಿನಲ್ಲಿ ಹಿರಿಯಳು, ಬಾಯಿ ಬಲು ಜೋರು. ಎಡಕ್ಕೆ ಹಿತ್ತಲ ಗೋಡೆಯ ಆಚೆಯ ಮನೆಯ ಹುಸೇನಬಿ. ಅವಳು ಒಂದು ಮಾತು ಆಡಿದರೆ ನಾವು ಸೂಜಿ ಕೆಳಗಿಟ್ಟು ನಗಬೇಕಾಗುತ್ತಿತ್ತು. ಬಲಕ್ಕೆ ನೀಲವ್ವ, ಮಾತು ಕಡಿಮೆ, ದಾರ ಎಳೆದಾಗಲೆಲ್ಲ ಮೂಗಿನಲ್ಲೇ ಏನೋ ಗುನುಗುತ್ತಿದ್ದಳು. ಅಂಚಿನಿಂದ ಹೊಲಿಗೆ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೆ ಬರುವುದು ನಮ್ಮ ಪದ್ಧತಿ. ಸುತ್ತು ಕಿರಿದಾದ ಹಾಗೆ ನಾವೂ ಸರಿದು ಸರಿದು ಕೌದಿಯ ಮೇಲೇ ಬಂದು ಕೂಡುತ್ತಿದ್ದೆವು. ನಡುವಿನ ಹೊಲಿಗೆಯ ಹೊತ್ತಿಗೆ ನಾಲ್ವರ ತಲೆಗಳು ಒಂದಕ್ಕೊಂದು ತಾಗುತ್ತಿದ್ದವು. ಗೌರಕ್ಕನ ತಲೆಯ ಔಡಲೆಣ್ಣೆಯ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ಆಗ ಅದು ನನಗೆ ಸೇರುತ್ತಿರಲಿಲ್ಲ.

ಇಲ್ಲಿ ಆ ಮೂವರನ್ನು ಎಲ್ಲಿಂದ ತರಲಿ? ನಿಮ್ಮ ಅಮ್ಮ ಬೆಳಿಗ್ಗೆ ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ರೈಲು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಎರಡು ಸಾವಿರದ ಇಸವಿ ಹುಟ್ಟುತ್ತಿದ್ದಂತೆ ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಭ್ರಮೆ ಹಿಡಿಯುತ್ತದಂತೆ, ಅದಕ್ಕೆ ಮೊದಲೇ ಅವಕ್ಕೆ ಔಷಧ ಕುಡಿಸುವುದು ಅವಳ ಕೆಲಸ. ಪಕ್ಕದ ಬೀದಿಯಲ್ಲಿ ಮೈಸೂರಿನ ಕಡೆಯ ಒಬ್ಬ ಹೆಣ್ಣುಮಗಳಿದ್ದಾಳೆ. ಒಮ್ಮೆ ಧೈರ್ಯ ಮಾಡಿ ಅವಳ ಎದುರು ಕೌದಿಯ ಮಾತು ತೆಗೆದೆ. "ಓ, ಕ್ವಿಲ್ಟಾ ಆಂಟಿ? ಮಾಲ್‌ನಲ್ಲಿ ಸೇಲ್ ಇದೆ. ಸಂಡೇ ಹೋಗ್ತಿದೀವಿ, ನಿಮ್ಗೂ ಒಂದು ತರಲಾ?" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ನಾನು, "ಬ್ಯಾಡವ್ವಾ, ಮನ್ಯಾಗ ಅದಾವ" ಎಂದು ಬಂದೆ. ಫ್ಲಶಿಂಗ್ ಎಂಬಲ್ಲಿರುವ ನಮ್ಮವರ ಗುಡಿಗೆ ಹೋದಾಗಲೂ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತ ಕೂತಿದ್ದ ನನ್ನ ವಯಸ್ಸಿನ ಹೆಂಗಸರ ಕೈಬೆರಳುಗಳನ್ನೇ ನೋಡುತ್ತಿದ್ದೆ, ಯಾರ ಬೆರಳಿಗಾದರೂ ಸೂಜಿ ಹಿಡಿದ ಜಡ್ಡು ಬಿದ್ದಿದೆಯೇ ಎಂದು. ಕೇಳಲು ಮಾತ್ರ ಬಾಯಿ ಬರಲಿಲ್ಲ.

ಈಗ ಜಾತ್ರೆಗೆ ಹೋಗೋಣ. ಕಾರು ನಿಲ್ಲಿಸಿದ ಬಯಲಿನಿಂದಲೇ ಒಣಹುಲ್ಲಿನ ವಾಸನೆ ಬಂತು. ಹುಲ್ಲಿನ ಪೆಂಡಿಗಳ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಟ್ರ್ಯಾಕ್ಟರ್ ಗಾಡಿ ಸುತ್ತು ಹಾಕುತ್ತಿತ್ತು. ಅಷ್ಟು ದೂರದಿಂದ ದುಡ್ಡು ಕೊಟ್ಟು ಬಂದು ಹುಲ್ಲಿನ ಗಾಡಿಯಲ್ಲಿ ಕೂಡುವುದನ್ನು ನೋಡಿ, ನಾನು ಚಿಕ್ಕಂದಿನಲ್ಲಿ ಅದೇ ಗಾಡಿಯಿಂದ ಇಳಿಯಲು ಎಷ್ಟು ಹಟ ಮಾಡುತ್ತಿದ್ದೆ ಎಂದು ನೆನಪಾಗಿ ನಗು ಬಂತು. ದನಗಳ ಕೊಟ್ಟಿಗೆಯಲ್ಲಿ ಒಬ್ಬ ಹುಡುಗಿ ಆಕಳಿಗೆ ಸೋಪು ಹಚ್ಚಿ ತೊಳೆದು, ಗಾಳಿ ಊದುವ ಯಂತ್ರದಿಂದ ಅದರ ಕೂದಲು ಒಣಗಿಸುತ್ತಿದ್ದಳು. ಆಕಳು ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಿಂತಿತ್ತು. ನಾನು ಅದರ ಹಣೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡೆ. ಆ ಹುಡುಗಿ ಏನೋ ಕೇಳಿದಳು. ಸೃಷ್ಟಿ, ನೀನು ಅವಳಿಗೆ ಉತ್ತರ ಹೇಳಿ, ನನ್ನ ಸೆರಗು ಹಿಡಿದು ಎಳೆದೆ. "ಅಜ್ಜಿ, ಡೋಂಟ್. ಎಲ್ಲಾರೂ ನೋಡ್ತಿದಾರೆ." ನಿನ್ನ ಕಿವಿಗಳು ಕೆಂಪಾಗಿದ್ದವು. ನನ್ನ ಸೀರೆ, ಅದರ ಮೇಲೆ ನೀಲಿ ಕೋಟು, ಕೆಳಗೆ ಅಮ್ಮನ ಬಿಳಿ ಬೂಟು. ಎಲ್ಲರೂ ನೋಡುತ್ತಿದ್ದರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಆ ಗದ್ದಲದಲ್ಲಿ ಸುಖಪಡದೆ ಇದ್ದೆನೆಂದಲ್ಲ. ಬಿಸಿ ಸೇಬಿನ ರಸ ಕುಡಿದೆ. ಹಂದಿಗಳ ಓಟವನ್ನು ಕದ್ದು ನೋಡಿದೆ. ಆದರೆ ಅಷ್ಟು ಜನ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ, ಬೆನ್ನು ತಟ್ಟುವ, "ನಿನ್ನ ಕಾಲು ಹೇಗಿದೆ" ಎಂದು ಕೇಳುವ ಜಾಗದಲ್ಲಿ ನನ್ನ ಹೆಸರು ತಿಳಿದವರು ಮೂವರೋ ನಾಲ್ವರೋ. ಆ ಮೂವರು ನಾಲ್ವರೂ ನನ್ನನ್ನು ಹೆಸರಿನಿಂದ ಕರೆಯುವುದಿಲ್ಲ. ಅವ್ವ, ಅತ್ತೆ, ಅಜ್ಜಿ. ಹೆಸರು ಹಿಡಿದು ಕರೆಯುತ್ತಿದ್ದವರು ಅಜ್ಜ ಹೋದ ಮೇಲೆ ಓಣಿಯವರಷ್ಟೇ.

ಆಗ ಕಂಡದ್ದು ಉದ್ದನೆಯ ಒಂದು ಕಟ್ಟಿಗೆಯ ಮನೆ. ಒಳಗೆ ಹೋದರೆ ಗೋಡೆಯ ತುಂಬ ಕೌದಿಗಳು! ಅಂದರೆ ಅವರ ಕ್ವಿಲ್ಟ್‌ಗಳು. ನಕ್ಷತ್ರ, ಬಳ್ಳಿ, ಹಕ್ಕಿಗಳ ಹಿಂಡು, ಎಲ್ಲ ಚೂರುಬಟ್ಟೆಯಲ್ಲಿ. ನನ್ನ ಕಾಲುಗಳು ತಾವೇ ನಡೆದವು. ಕೆಲಸ ಹೇಗಿದೆ ಎಂದು ನೋಡಬೇಕಾದರೆ ಕೌದಿಯ ಹಿಂಬದಿ ನೋಡಬೇಕು, ಗಂಟು ಎಲ್ಲಿ ಅಡಗಿಸಿದ್ದಾರೆ ಎಂಬುದು ಅಲ್ಲಿ ತಿಳಿಯುತ್ತದೆ. ನಾನು ಹತ್ತಿರದ ಒಂದರ ತುದಿ ಹಿಡಿದು ಮಗುಚಿಯೇಬಿಟ್ಟೆ. ಎಲ್ಲಿಂದಲೋ ಬಿಳಿಯ ಕೈಗವಸು ತೊಟ್ಟ ಹೆಂಗಸೊಬ್ಬಳು ಓಡಿಬಂದಳು. ಮುಟ್ಟಬಾರದೆಂಬ ಫಲಕ ಅಲ್ಲೇ ಇತ್ತಂತೆ. ಕೈ ಹಿಂದಕ್ಕೆಳೆದುಕೊಂಡೆ. ಅವಳು ನನ್ನ ಮುಖ ನೋಡಿದಳು, ಕೌದಿ ನೋಡಿದಳು, ಆಮೇಲೆ ತನ್ನ ಬಿಳಿ ಕೈಗಳಿಂದ ಅದರ ಹಿಂಬದಿಯನ್ನು ಪೂರ್ತಿ ತಿರುಗಿಸಿ ನನಗೆ ಹಿಡಿದು ತೋರಿಸಿದಳು. ಗಂಟು ಒಂದೂ ಕಾಣಲಿಲ್ಲ. ನಾನು ತಲೆದೂಗಿದೆ. ಅವಳೂ ತಲೆದೂಗಿದಳು. ನ್ಯೂಜೆರ್ಸಿಗೆ ಬಂದ ಮೇಲೆ ನಾನು ಹೊರಗಿನವರೊಡನೆ ಆಡಿದ ಅತಿ ದೊಡ್ಡ ಮಾತುಕತೆ ಅದು.

ಮನೆಯ ಕೊನೆಗೆ ಮಂಚದಂಥ ಒಂದು ಚೌಕಟ್ಟು, ಅದಕ್ಕೆ ಬಿಗಿದು ಕಟ್ಟಿದ ಕ್ವಿಲ್ಟು. ಸುತ್ತ ನಾಲ್ಕೈದು ಮುದುಕಿಯರು ಕೂತು ಹೊಲಿಯುತ್ತ ಹರಟುತ್ತಿದ್ದರು. ಒಬ್ಬಳ ಮಾತಿಗೆ ಉಳಿದವರು ಸೂಜಿ ನಿಲ್ಲಿಸಿ ನಕ್ಕರು. ನನಗೆ ಹುಸೇನಬಿಯೇ ಏನೋ ಅಂದ ಹಾಗಾಯಿತು. ಒಂದು ಕುರ್ಚಿ ಖಾಲಿಯಿತ್ತು. ಬಂದವರು ಯಾರು ಬೇಕಾದರೂ ಒಂದು ಹೊಲಿಗೆ ಹಾಕಬಹುದು ಎಂದು ಬರೆದಿದ್ದಾರೆ ಎಂದು ನೀನು ಓದಿ ಹೇಳಿದೆ, ಸೃಷ್ಟಿ. ಬೆಳ್ಳಗಿನ ಗುಂಗುರು ಕೂದಲಿನ ದಪ್ಪನೆಯ ಹೆಂಗಸು ಕುರ್ಚಿಯನ್ನು ತಟ್ಟಿ ನನ್ನನ್ನು ಕರೆದಳು. ಎದೆಯ ಮೇಲಿನ ಚೀಟಿಯಲ್ಲಿ ಅವಳ ಹೆಸರು ಮಾರ್ಜರಿ ಎಂದಿತ್ತು.

ಕೂತೆ. ಸೂಜಿ ಕೈಗೆ ಬಂತು. ಬಂದದ್ದೇ ತಡ, ನನ್ನ ಕೈ ಯಾರನ್ನೂ ಕೇಳದೆ ಅಂಚಿಗೆ ಹೋಯಿತು. ಗೇಣುದ್ದ ಹೊಲಿದಿದ್ದೆ. ಅಷ್ಟರಲ್ಲಿ ಸುತ್ತಲಿನ ಮಾತು ನಿಂತಿರುವುದು ಗೊತ್ತಾಯಿತು. ಮಾರ್ಜರಿ ಮೆತ್ತಗೆ ಏನೋ ಹೇಳಿದಳು.

"ಅಜ್ಜಿ, ಅಲ್ಲಿ ಅಲ್ಲ," ಎಂದೆ ನೀನು, ಸೃಷ್ಟಿ. "ಮಿಡ್ಲ್ ಇಂದ ಸ್ಟಾರ್ಟ್ ಮಾಡ್ಬೇಕಂತೆ. ಇಲ್ಲಾಂದ್ರೆ ನಡುವೆ ಬಬಲ್ ಥರಾ ಬರತ್ತಂತೆ."

"ನಾವು ಕಡೀಲಿಂದನ ಶುರು ಮಾಡ್ತೀವಿ ಅಂತ ಹೇಳು. ಅಂಚಿನಿಂದ."

"ಶೀ ಸೇಸ್... ಐ ಡೋಂಟ್ ನೋ. ಶೀ ಡಸ್ ಇಟ್ ಬ್ಯಾಕ್‌ವರ್ಡ್ಸ್."

ಎಲ್ಲರೂ ನಕ್ಕರು. ಕುಹಕದ ನಗುವಲ್ಲ. ಮಾರ್ಜರಿ ಸಣ್ಣ ಕತ್ತರಿಯಿಂದ ನನ್ನ ದಾರ ಕತ್ತರಿಸಿ, ನನ್ನ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು. ಮಗುವಿನ ಕಾಲಿನ ಮುಳ್ಳು ತೆಗೆಯುವಷ್ಟು ಮೆಲ್ಲಗೆ ಬಿಚ್ಚಿದಳು. ಅವರ ಬಟ್ಟೆ, ಅವರ ಪದ್ಧತಿ, ಬಿಚ್ಚುವುದೇ ಸರಿ. ಆದರೂ ಬಟ್ಟೆಯ ಮೇಲೆ ತೂತುಗಳ ಸಾಲು ಮಾತ್ರ ಉಳಿದದ್ದನ್ನು ಕಂಡು ಅದನ್ನು ಉಗುರಿನಿಂದ ಸವರಿ ಮುಚ್ಚಲು ನೋಡಿದೆ. ನನ್ನ ಬೆರಳಿಗೆ ಏನೂ ಇಲ್ಲದ್ದನ್ನು ನೋಡಿ ಅವಳು ತನ್ನ ಟೊಪ್ಪಿಗೆಯನ್ನು ತೆಗೆದು ನನಗೆ ತೊಡಿಸಿದಳು. ನಡುವಿನಿಂದ ನಾಲ್ಕು ಹೊಲಿಗೆ ಹಾಕಿಸಿದಳು. ಟೊಪ್ಪಿಗೆಯನ್ನು ಹಿಂತಿರುಗಿಸಲು ಹೋದರೆ ನನ್ನ ಮುಷ್ಟಿ ಮುಚ್ಚಿದಳು. ನಾವೆಲ್ಲ ಗುರುವಾರಗಳಂದು ಒಂದು ಚರ್ಚಿನಲ್ಲಿ ಸೇರುತ್ತೇವೆ, ನಿಮ್ಮ ಹೊಲಿಗೆ ತೆಗೆದುಕೊಂಡು ಬನ್ನಿ ಎಂದಳಂತೆ.

ಕಾರಿನಲ್ಲಿ ನಾನು ನಿಮ್ಮ ಅಮ್ಮನಿಗೆ ಗಂಟಿನ ವಿಷಯ, ಗುರುವಾರದ ಕರೆ ಎರಡನ್ನೂ ಹೇಳಿದೆ. ತನ್ನ ಅಪ್ಪನ ಬಟ್ಟೆ ಎಂದು ಕೇಳಿದ್ದೇ ಅವಳು ಕಾರಿನ ರೇಡಿಯೋ ಆರಿಸಿದಳು.

"ಗುರುವಾರ ಅಂದ್ರ ವರ್ಕಿಂಗ್ ಡೇ ಬೇ. ಆ ಚರ್ಚು ನಮ್ಮ ಮನಿಯಿಂದ ಒಂದ್ ತಾಸಿನ ಡ್ರೈವ್ ಐತಿ. ಯಾರ್ ಕರ್ಕೊಂಡ್ ಹೋಗ್ಬೇಕು?"

"ಬ್ಯಾಡ ಬಿಡು. ಅವರು ನಡುವಿನಿಂದ ಹೊಲಿತಾರ. ನನಗ ಮೊದಲ ಸುತ್ತಿಗೆ ಒಬ್ಬರು ಜೋಡಿ ಕುಂತರ ಸಾಕು. ನೀ ಕೂಡ್ತಿಯೇನು?"

"ಕೂಡ್ತೀನವ್ವಾ. ಖರೇನ ಕೂಡ್ತೀನಿ."

ಕೂತಳು ಕೂಡ. ಅವಳಿಗೆ ಅನ್ಯಾಯವಾಗಬಾರದು, ಅದಕ್ಕೇ ಈ ಮಾತು ಬರೆಯುತ್ತಿದ್ದೇನೆ. ಒಂದು ಭಾನುವಾರ ಹಜಾರದಲ್ಲಿ ನನ್ನ ಹಳೆಯ ಇಳಕಲ್ ಸೀರೆ ಹಾಸಿದೆವು. ಗಂಟು ಬಿಚ್ಚಿದಾಗ ಅವಳು ಖಾಕಿ ಅಂಗಿಯ ಜೇಬನ್ನು ಬೆರಳಿನಿಂದ ಸವರಿ, "ಇದರಾಗ ನನಗ ಪೆಪ್ಪರ್ಮೆಂಟ್ ಇಟ್ಕೊಂಡ ಬರ್ತಿದ್ರು" ಎಂದಳು. ಸೂಜಿಗೆ ದಾರ ಪೋಣಿಸಿದಳು. ಆಗ ಸೊಂಟದಲ್ಲಿದ್ದ ಪೇಜರ್ ಕೂಗಿತು. ನೋಡಿದಳು, ಎದ್ದಳು, ಫೋನು ಹಿಡಿದು ಕೋಣೆಗೆ ಹೋದಳು. ಹೊರಗೆ ಬರುವಾಗ ಕಾರಿನ ಕೀಲಿ ಕೈಯಲ್ಲಿತ್ತು. "ಸಾರಿ ಅವ್ವಾ." ದಾರ ಪೋಣಿಸಿದ ಸೂಜಿಯನ್ನು ನಾನು ಸೀರೆಗೇ ಚುಚ್ಚಿಟ್ಟೆ. ಮುಂದಿನ ಭಾನುವಾರವೂ ಅದು ಅಲ್ಲೇ ಇತ್ತು, ಅದರ ಮುಂದಿನ ಭಾನುವಾರವೂ.

ಮರಗಳ ಎಲೆಯೆಲ್ಲ ಉದುರಿ ಮುಗಿದ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಅಂಗಿಗೆ ಕತ್ತರಿ ಇಟ್ಟೆ. ಹಿರಿಯರು ಹೇಳಿದ್ದನ್ನು ಮುರಿಯಲು ನನಗೆ ಧೈರ್ಯವಿರಲಿಲ್ಲ, ಪಾಲಿಸಲು ಜನವಿರಲಿಲ್ಲ. ಹೀಗೆ ಮಾಡಿದೆ. ಮೊದಲು ನನ್ನ ಮಗ್ಗುಲಲ್ಲಿ ಕೂತು ಅಂಚಿನ ಹೊಲಿಗೆ ಹಾಕಿದೆ. ಆಮೇಲೆ ಎದ್ದು ಎದುರಿಗೆ ಹೋಗಿ ಗೌರಕ್ಕನ ಜಾಗದಲ್ಲಿ ಕೂತೆ. ಅವಳ ಜಾಗದಲ್ಲಿ ಸುಮ್ಮನೆ ಕೂಡಲಾಗುತ್ತದೆಯೇ?

"ಏನ ಹೊಲಗಿ ಇದು, ಕಣ್ಣ ಮನ್ಯಾಗ ಇಟ್ಟ ಬಂದೀಯೇನ? ಬಿಚ್ಚಿ ಮತ್ತೊಮ್ಮಿ ಹಾಕು!" ಎಂದು ನನ್ನ ಖಾಲಿ ಮಗ್ಗುಲಿನ ಕಡೆ ನೋಡಿ ಬೈದೆ. ಬಯ್ಯುವಾಗ ಅವಳ ಹಾಗೇ ಕುತ್ತಿಗೆ ಕೊಂಕಿತು. ಹುಸೇನಬಿಯ ಜಾಗಕ್ಕೆ ಸರಿದು ಕೂತು ಅವಳ ಹಾಗೇ, "ಇರಲಿ ಬಿಡಕ್ಕಾ, ವಿಮಾನದಾಗ ಬಂದಾಕಿ, ಹೊಲಿಗೀನೂ ಊರೂರ ದಾಟಿ ಹಾಕ್ತಾಳ" ಎಂದೆ. ನನ್ನ ಮಾತಿಗೆ ನಾನೇ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನೀಲವ್ವನ ಮಗ್ಗುಲಲ್ಲಿ ಗುನುಗಲು ಹೋದೆ. ರಾಗ ಹತ್ತಲಿಲ್ಲ. ಅವಳು ಏನು ಗುನುಗುತ್ತಿದ್ದಳು ಎಂದು ಅಷ್ಟು ವರ್ಷ ಪಕ್ಕದಲ್ಲಿ ಕೂತೂ ನಾನು ಕೇಳಿರಲಿಲ್ಲ. ಸುಮ್ಮನೆ ದಾರ ಎಳೆದೆ.

ಆಗ ಸ್ಕೂಲ್ ಬಸ್ಸಿಳಿದು ನೀನು ಬಂದೆ, ಸೃಷ್ಟಿ. ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆಯೋ. "ಅಜ್ಜಿ, ಹೂ ಆರ್ ಯೂ ಟಾಕಿಂಗ್ ಟು?"

"ನೋಬಡಿ" ಎಂದೆ. ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಆ ಹೊತ್ತಿಗೆ ನಾಲಗೆಗೆ ಸಿಕ್ಕಿದ್ದು ಅದೊಂದೇ.

ನೀನು ಬೂಟು ಬಿಚ್ಚಿಟ್ಟೆ. ಅಡುಗೆಮನೆಗೆ ಹೋಗಲು ಕೌದಿಯ ಪಕ್ಕದಲ್ಲೇ ಹಾದು ಹೋಗಬೇಕಿತ್ತು. ಒಮ್ಮೆ ನನ್ನನ್ನು ನೋಡಿದೆ, ಒಮ್ಮೆ ಆ ಮೂರು ಖಾಲಿ ಮಗ್ಗುಲುಗಳನ್ನು ನೋಡಿದೆ. ಆಮೇಲೆ ಅಲ್ಲಿ ಕೂತವರ ಕಾಲು ತುಳಿದೇನೆಂಬ ಹಾಗೆ, ಗೋಡೆಗೆ ಒತ್ತಿಕೊಂಡು, ದೂರದಿಂದ ಸುತ್ತಿ ಹೋದೆ. ನಿನಗೆ ಅದು ನೆನಪಿದೆಯೋ ಇಲ್ಲವೋ. ನನಗಂತೂ ಆ ಇಡೀ ಚಳಿಗಾಲವನ್ನು ಅದು ದಾಟಿಸಿತು.

ಕೌದಿ ಮುಗಿದು ನಿಮ್ಮ ಹಾಸಿಗೆಯ ಮೇಲಿದೆ. ಬೆಚ್ಚಗಿದೆಯೋ ಇಲ್ಲವೋ ನೀವೇ ಹೇಳಬೇಕು. ಇನ್ನು ಊರಿಗೆ ಹೋದರೂ ಅಲ್ಲಿ ಆ ನಾಲ್ಕು ಮಗ್ಗುಲು ತುಂಬುವುದಿಲ್ಲ. ಗೌರಕ್ಕ ನಿಮ್ಮ ಅಜ್ಜನಿಗಿಂತ ಮೊದಲೇ ಹೋದಳು. ನೀಲವ್ವ ಕಳೆದ ಬೇಸಿಗೆಯಲ್ಲಿ ಹೋದ ಸುದ್ದಿ ನನಗೆ ಇಲ್ಲಿಗೆ ಫೋನಿನಲ್ಲಿ ಬಂತು. ಹುಸೇನಬಿಗೆ ಈಗ ಕಣ್ಣು ಕಾಣುವುದಿಲ್ಲ.

ಅಂದು ನೋಬಡಿ ಎಂದೆನಲ್ಲ ಮಗೂ, ಯಾರ ಜೊತೆ ಮಾತನಾಡುತ್ತಿದ್ದೆ ಎಂಬುದನ್ನು ಇದರಲ್ಲಿ ಬರೆದಿದ್ದೇನೆ. ಅವರು ಯಾರೂ ಶಾಲೆಗೆ ಹೋದವರಲ್ಲ, ತಮ್ಮ ಹೆಸರನ್ನು ತಾವು ಬರೆದವರಲ್ಲ. ಕೌದಿ ಹಳತಾಗಿ ಕಾರು ಒರೆಸುವ ಬಟ್ಟೆಯಾದರೂ ನನಗೆ ಬೇಸರವಿಲ್ಲ. ಈ ಹಾಳೆಗಳನ್ನು ಮಾತ್ರ ಎಲ್ಲಾದರೂ ಜೋಪಾನವಾಗಿ ಇಟ್ಟುಕೊಳ್ಳಿ. ಗೌರಕ್ಕ, ಹುಸೇನಬಿ, ನೀಲವ್ವ ಎಂದು ಒಟ್ಟಿಗೆ ಬರೆದಿರುವುದು ಇದೊಂದೇ ಕಡೆ.